ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದರೆ

ಕೈಯನ್ನು ಮುಂದೆ ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿಯಿರಿ. ಮೊದಲು ಬಲಗಣ್ಣು ಮುಚ್ಚಿ ನೋಡಿ, ಆಮೇಲೆ ಎಡಗಣ್ಣು ಮುಚ್ಚಿ ನೋಡಿ. ಬೆರಳು ಅಲ್ಲಾಡದಿದ್ದರೂ ಹಿಂದಿನ ಗೋಡೆಯ ಮೇಲೆ ಅದು ಅತ್ತಿಂದಿತ್ತ ಜಿಗಿದಂತೆ ಕಾಣುತ್ತದೆ. ನಮ್ಮ ಎರಡು ಕಣ್ಣುಗಳ ನಡುವೆ ಇರುವುದು ಸುಮಾರು ಆರೂವರೆ ಸೆಂಟಿಮೀಟರ್ ಅಂತರ. ಅಷ್ಟರಿಂದಲೇ ಎಡಗಣ್ಣಿಗೆ ಒಂದು ಚಿತ್ರ, ಬಲಗಣ್ಣಿಗೆ ಇನ್ನೊಂದು ಚಿತ್ರ ಬೀಳುತ್ತದೆ. ಎರಡೂ ಚಪ್ಪಟೆಯೇ. ಅವೆರಡರ ನಡುವಿನ ವ್ಯತ್ಯಾಸವನ್ನು ಅಳೆದು, ಇದು ಹತ್ತಿರ, ಅದು ದೂರ ಎಂದು ಜಗತ್ತಿಗೆ ಆಳ ಕೊಡುವುದು ನಮ್ಮ ಮಿದುಳು.

ವರ್ಚುವಲ್ ರಿಯಾಲಿಟಿ ಅಥವಾ ವಿ.ಆರ್. ಎಂದರೆ ತಲೆಗೆ ಕಟ್ಟಿಕೊಳ್ಳುವ ದುಬಾರಿ ಸಾಧನ, ಮಕ್ಕಳ ಆಟ, ದೊಡ್ಡ ಕಂಪನಿಗಳ ವ್ಯಾಪಾರ ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಅದರ ಬೇರು ಇರುವುದು ಈ ಹೆಬ್ಬೆರಳಿನ ಪರೀಕ್ಷೆಯಲ್ಲಿ. ಒಂದೇ ವಸ್ತುವನ್ನು ಎರಡು ಜಾಗದಿಂದ ನೋಡಿದರೆ ಅದರ ಆಳ ತಿಳಿಯುತ್ತದೆ ಎಂಬುದು ಅದರ ಮೂಲಸೂತ್ರ. ಫೋಟೊಗ್ರಫಿಗೂ ವಿ.ಆರ್.ಗೂ ಇರುವ ನಂಟು ಇದೇ. ಹೆಚ್ಚು ಸೃಜನಶೀಲವಾಗಿ ಬದುಕಬೇಕು ಎಂದು ಹಂಬಲಿಸುವ ಯಾರಿಗಾದರೂ ಇದರಲ್ಲಿ ಕಲಿಯುವುದು ಬಹಳವಿದೆ ಎಂದು ನಾನು ನಂಬುತ್ತೇನೆ. ಅದಕ್ಕಾಗಿ ಈ ಕಥೆಯನ್ನು ಮೊದಲಿನಿಂದ ಹೇಳಬೇಕು.

ಫೋಟೊಗ್ರಫಿಯ ಘೋಷಣೆಗಿಂತ ಮೊದಲು ಬಂದ ಸಾಧನ

1838ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಚಾರ್ಲ್ಸ್ ವೀಟ್‌ಸ್ಟೋನ್ ಎಂಬ ವಿಜ್ಞಾನಿ ಒಂದು ಪ್ರಬಂಧ ಮಂಡಿಸಿದ. ವಿದ್ಯುತ್ ಪಾಠ ಓದಿದವರಿಗೆ 'ವೀಟ್‌ಸ್ಟೋನ್ ಬ್ರಿಡ್ಜ್' ಮೂಲಕ ಈ ಹೆಸರು ಗೊತ್ತಿರುತ್ತದೆ. ವಾದ್ಯ ತಯಾರಿಸುವ ಮನೆತನದವನಾದ ಅವನು ಕಾನ್ಸರ್ಟಿನಾ ಎಂಬ ಸಂಗೀತ ವಾದ್ಯವನ್ನೂ ರೂಪಿಸಿದವನು. ಎರಡು ಕಣ್ಣಿಗೆ ಬೇರೆ ಬೇರೆ ಚಿತ್ರ ಕಾಣುವುದು ಹಿಂದಿನವರಿಗೂ ತಿಳಿದಿತ್ತು. ಎರಡು ಕಣ್ಣಿನಿಂದ ನೋಡಿದ ವಸ್ತುವಿನ ಉಬ್ಬುತಗ್ಗನ್ನು ಒಂದು ಚಿತ್ರಪಟದಲ್ಲಿ ಪೂರ್ತಿಯಾಗಿ ತರಲಾಗದು ಎಂದು ಲಿಯೊನಾರ್ಡೊ ಡ ವಿಂಚಿ ಗುರುತಿಸಿದ್ದ. ಆದರೆ ಆ ವ್ಯತ್ಯಾಸವೇ ಆಳದ ಅನುಭವಕ್ಕೆ ಕಾರಣ ಎಂದು ತೋರಿಸಿಕೊಟ್ಟವನು ವೀಟ್‌ಸ್ಟೋನ್.

ಅದಕ್ಕಾಗಿ ಅವನು ಒಂದು ಸರಳ ಸಾಧನ ಮಾಡಿದ. ಎರಡು ಕನ್ನಡಿಗಳನ್ನು ಕೋನವಾಗಿ ಜೋಡಿಸಿ ಅವುಗಳ ಎದುರಿಗೆ ಎಡಕ್ಕೊಂದು, ಬಲಕ್ಕೊಂದು ಚಿತ್ರ ಇಟ್ಟ. ಎಡಗಣ್ಣಿಗೆ ಎಡದ ಚಿತ್ರ ಮಾತ್ರ, ಬಲಗಣ್ಣಿಗೆ ಬಲದ ಚಿತ್ರ ಮಾತ್ರ ಕಾಣುವ ಏರ್ಪಾಡು ಅದು. ಕಾಗದದ ಮೇಲೆ ಗೆರೆಗಳಲ್ಲಿ ಬರೆದ ಆಕೃತಿಗಳು ಘನವಾಗಿ ಎದ್ದು ನಿಂತವು. ಇದೇ ಸ್ಟೀರಿಯೊಸ್ಕೋಪ್. ಡಗೇರ್ ಮತ್ತು ಟಾಲ್ಬಟ್ ತಮ್ಮ ಫೋಟೊಗ್ರಫಿ ವಿಧಾನಗಳನ್ನು ಲೋಕಕ್ಕೆ ಪ್ರಕಟಿಸಿದ್ದು ಮರುವರ್ಷ, 1839ರಲ್ಲಿ. ಅಂದರೆ ಮೂರು ಆಯಾಮದಲ್ಲಿ ಚಿತ್ರ ತೋರಿಸುವ ಸಾಧನ ಫೋಟೊಗ್ರಫಿಯ ಘೋಷಣೆಗಿಂತ ಮೊದಲೇ ತಯಾರಾಗಿ ಕೂತಿತ್ತು. ಫೋಟೊ ಬಂದ ಮೇಲೆ ವೀಟ್‌ಸ್ಟೋನ್ ತನ್ನ ಸಾಧನಕ್ಕೆ ಟಾಲ್ಬಟ್‌ನಿಂದಲೇ ಜೋಡಿ ಚಿತ್ರಗಳನ್ನು ಮಾಡಿಸಿಕೊಂಡ.

ಆಳವನ್ನು ಮಿದುಳೇ ಕಟ್ಟುತ್ತದೆ ಎಂಬುದಕ್ಕೆ ಇನ್ನೂ ಗಟ್ಟಿ ಸಾಕ್ಷಿ ಸಿಕ್ಕಿದ್ದು 1960ರ ಹೊತ್ತಿಗೆ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಹಂಗೇರಿ ಮೂಲದ ವಿಜ್ಞಾನಿ ಬೇಲಾ ಯೂಲೆಶ್ ಕಂಪ್ಯೂಟರ್ ಬಳಸಿ ಬರೀ ಚುಕ್ಕೆಗಳ ಎರಡು ಚಿತ್ರ ತಯಾರಿಸಿದ. ಯಾವ ಚಿತ್ರದಲ್ಲೂ ಆಕಾರವೆಂಬುದಿಲ್ಲ, ಎಲ್ಲ ಕಲಸುಮೇಲೋಗರ. ಆದರೆ ಒಂದರಲ್ಲಿ ನಡುವಿನ ಕೆಲವು ಚುಕ್ಕೆಗಳನ್ನು ತುಸು ಪಕ್ಕಕ್ಕೆ ಸರಿಸಲಾಗಿತ್ತು. ಎರಡೂ ಕಣ್ಣಿಗೆ ಒಟ್ಟಿಗೆ ತೋರಿಸಿದಾಗ ಆ ಚುಕ್ಕೆಗಳ ಮಧ್ಯದಿಂದ ಒಂದು ಚೌಕ ಮೇಲೆದ್ದು ತೇಲಿತು. ಎಡದ ಕಾಗದದಲ್ಲೂ ಇಲ್ಲದ, ಬಲದ ಕಾಗದದಲ್ಲೂ ಇಲ್ಲದ ಆ ಚೌಕ ಇದ್ದದ್ದು ನೋಡುವವರ ಮನಸ್ಸಿನಲ್ಲಿ. ನಾವು ನೋಡುವಾಗ ಸುಮ್ಮನೆ ಕೂತಿರುವುದಿಲ್ಲ, ಏನನ್ನೋ ಕಟ್ಟುತ್ತಲೇ ಇರುತ್ತೇವೆ.

ಮನೆಮನೆಗೆ ಬಂದ ಜಗತ್ತು

ವೀಟ್‌ಸ್ಟೋನನ ಸಾಧನ ದೊಡ್ಡದು, ಮೇಜಿನ ಮೇಲಿಡಬೇಕಾದದ್ದು. 1849ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಕನ್ನಡಿಗಳ ಬದಲು ಲೆನ್ಸ್ ಬಳಸಿ ಕೈಯಲ್ಲಿ ಹಿಡಿಯಬಹುದಾದ ಪೆಟ್ಟಿಗೆ ರೂಪಿಸಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿ ಅದನ್ನು ಮೆಚ್ಚಿದ ಮೇಲೆ ಬೇಡಿಕೆ ಏರಿತು. ಅಮೆರಿಕದಲ್ಲಿ ವೈದ್ಯ ಮತ್ತು ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ 1859ರಲ್ಲಿ 'ಅಟ್ಲಾಂಟಿಕ್ ಮಂತ್ಲಿ' ಪತ್ರಿಕೆಯಲ್ಲಿ ಈ ಚಿತ್ರಗಳ ಬಗ್ಗೆ ದೀರ್ಘ ಲೇಖನ ಬರೆದ. ಪುಸ್ತಕಗಳಿಗೆ ಇರುವಂತೆ ಇವಕ್ಕೂ ಗ್ರಂಥಾಲಯ ಬೇಕು ಎಂಬ ಕನಸು ಅದರಲ್ಲಿತ್ತು. ಎರಡು ವರ್ಷದ ಬಳಿಕ ಅವನು ಹಿಡಿಕೆಯಿರುವ ಹಗುರವಾದ, ಅಗ್ಗದ ಸ್ಟೀರಿಯೊಸ್ಕೋಪ್ ರೂಪಿಸಿದ. ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಯಾರು ಬೇಕಾದರೂ ಮಾಡಲಿ ಎಂದು ಬಿಟ್ಟುಕೊಟ್ಟ. ಆ ಔದಾರ್ಯದಿಂದಲೇ ಅದು ಸಾಮಾನ್ಯರ ಮನೆ ಸೇರಿತು.

ಆಮೇಲೆ ಬಂದದ್ದು ದೊಡ್ಡ ವ್ಯಾಪಾರ. ಅಂಡರ್‌ವುಡ್ ಅಂಡ್ ಅಂಡರ್‌ವುಡ್, ಕೀಸ್ಟೋನ್ ಮುಂತಾದ ಕಂಪನಿಗಳು ಛಾಯಾಗ್ರಾಹಕರನ್ನು ದೇಶದೇಶಗಳಿಗೆ ಕಳಿಸಿ, ಜೋಡಿ ಚಿತ್ರಗಳನ್ನು ರಟ್ಟಿಗೆ ಅಂಟಿಸಿ ಪೆಟ್ಟಿಗೆಗಟ್ಟಲೆ ಮಾರಿದವು. ಅಮೆರಿಕದ ಶಾಲಾ ಮೇಷ್ಟರಾಗಿದ್ದ ಜೇಮ್ಸ್ ರಿಕಾಲ್ಟನ್ ಭಾರತದಲ್ಲಿ ಸುತ್ತಿ ತೆಗೆದ ನೂರು ಚಿತ್ರಗಳ ಕಟ್ಟು, ಜೊತೆಗೊಂದು ಮಾರ್ಗದರ್ಶಿ ಪುಸ್ತಕ 1907ರಲ್ಲಿ ಪ್ರಕಟವಾಯಿತು. ಆರಾಮಕುರ್ಚಿಯಲ್ಲಿ ಕೂತು ಹಿಂದೂಸ್ಥಾನ ಸುತ್ತಬಹುದು ಎಂಬುದೇ ಅದರ ಆಕರ್ಷಣೆ. 1939ರಲ್ಲಿ ಬಂದ ವ್ಯೂಮಾಸ್ಟರ್ ಈ ಸಂತಾನದ್ದೇ. ದುಂಡನೆಯ ಬಿಲ್ಲೆಯಲ್ಲಿ ಹದಿನಾಲ್ಕು ಪುಟ್ಟ ಚಿತ್ರಗಳು, ಅಂದರೆ ಏಳು ಜೋಡಿ. ಸನ್ನೆ ಒತ್ತಿದರೆ ಮುಂದಿನ ಜೋಡಿ. ನಮ್ಮಲ್ಲಿ ಅನೇಕರು ಬಾಲ್ಯದಲ್ಲಿ ಅದಕ್ಕೆ ಕಣ್ಣಿಟ್ಟು ಕೂತವರೇ.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು. ರಿಕಾಲ್ಟನ್ನನ ಚಿತ್ರಗಳಲ್ಲಿ ಭಾರತ ಆಳವಾಗಿ ಕಂಡಿತು, ನಿಜ. ಆದರೆ ಕ್ಯಾಮೆರಾ ಎಲ್ಲಿ ನಿಲ್ಲಬೇಕು, ಯಾರನ್ನು ತೋರಿಸಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸಿದವನು ದೂರದಿಂದ ಬಂದ ಪ್ರವಾಸಿ. ಕೊಳ್ಳುವವರೂ ದೂರದವರು. ಚಿತ್ರದಲ್ಲಿ ನಿಂತವರಿಗೆ ಕ್ಯಾಮೆರಾ ಹಿಡಿಯುವ ಅವಕಾಶವಿರಲಿಲ್ಲ. ಹೊಸದೊಂದು ನೋಡುವ ಯಂತ್ರ ಬಂದಾಗಲೆಲ್ಲ ಈ ಪ್ರಶ್ನೆ ಮರಳುತ್ತದೆ. ವಿ.ಆರ್. ಕಾಲದಲ್ಲೂ ಅದು ಮರಳಿದೆ.

ಚಂದ್ರನ ಎರಡು ಮುಖ

ಕಣ್ಣುಗಳ ಅಂತರ ಆರೂವರೆ ಸೆಂಟಿಮೀಟರ್ ಎಂದ ಮೇಲೆ ತೀರ ದೂರದ ವಸ್ತುಗಳ ಆಳ ನಮಗೆ ಕಾಣುವುದಿಲ್ಲ. ಬೆಟ್ಟದ ಸಾಲು ಪರದೆಯಂತೆ, ಚಂದ್ರ ಬಿಲ್ಲೆಯಂತೆ ತೋರುತ್ತವೆ. ಇದನ್ನು ಮೀರಲು ಉಪಾಯ ಕಂಡುಕೊಂಡವನು ಬ್ರಿಟನ್ನಿನ ವಾರನ್ ಡಿ ಲಾ ರೂ. ಚಂದ್ರ ನಮಗೆ ಒಂದೇ ಮುಖ ತೋರುತ್ತಾನೆ ಎನ್ನುತ್ತೇವೆ. ವಾಸ್ತವದಲ್ಲಿ ಅವನು ತುಸು ತಲೆದೂಗುತ್ತಾನೆ. ಆ ತೂಗಾಟದಿಂದ ಕಾಲಕ್ರಮದಲ್ಲಿ ಚಂದ್ರನ ಮೇಲ್ಮೈಯ ಶೇಕಡ 59ರಷ್ಟು ಭೂಮಿಗೆ ಕಾಣಿಸುತ್ತದೆ. ಡಿ ಲಾ ರೂ 1850ರ ದಶಕದ ಕೊನೆಯಲ್ಲಿ ಬೇರೆ ಬೇರೆ ಕಾಲದಲ್ಲಿ ತೆಗೆದ, ತಲೆದೂಗಿದ ಕೋನ ಬೇರೆಯಾಗಿದ್ದ ಎರಡು ಫೋಟೊಗಳನ್ನು ಜೋಡಿಸಿದ. ಸ್ಟೀರಿಯೊಸ್ಕೋಪಿನಲ್ಲಿ ಚಂದ್ರ ದುಂಡಗೆ, ಕೈಗೆ ಸಿಗುವ ಗೋಳದಂತೆ ಮೂಡಿದ. ಭೂಮಿ ಬಿಟ್ಟು ಕದಲದ ಮನುಷ್ಯ ದೈತ್ಯನ ಕಣ್ಣು ಪಡೆದ.

ಇದೇ ಉಪಾಯವನ್ನು ನಮ್ಮ ಕಾಲದಲ್ಲಿ ಮುಂದುವರಿಸಿದವರು ಬ್ರಿಯಾನ್ ಮೇ. ಕ್ವೀನ್ ಎಂಬ ಪ್ರಸಿದ್ಧ ರಾಕ್ ತಂಡದ ಗಿಟಾರ್ ವಾದಕ ಅವರು, ಖಗೋಳಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದವರು ಕೂಡ. ಹುಡುಗನಾಗಿದ್ದಾಗ ತಿಂಡಿ ಪೊಟ್ಟಣದಲ್ಲಿ ಸಿಕ್ಕ ಜೋಡಿ ಚಿತ್ರಗಳಿಂದ ಹತ್ತಿದ ಗೀಳು ಅವರನ್ನು ಬಿಡಲಿಲ್ಲ. ಹತ್ತೊಂಬತ್ತನೇ ಶತಮಾನದ ಲಂಡನ್ ಸ್ಟೀರಿಯೊಸ್ಕೋಪಿಕ್ ಕಂಪನಿಗೆ ಅವರು ಮರುಜೀವ ಕೊಟ್ಟರು. ಬೆನ್ನು ಎಂಬ ಹೆಸರಿನ ಕ್ಷುದ್ರಗ್ರಹಕ್ಕೆ ನಾಸಾ ಕಳಿಸಿದ ಒಸೈರಿಸ್-ರೆಕ್ಸ್ ನೌಕೆಯ ಫೋಟೊಗಳಿಂದ ಸಹೋದ್ಯೋಗಿಯೊಂದಿಗೆ ಜೋಡಿಗಳನ್ನು ಹೊಂದಿಸಿದರು. ನೌಕೆ ಚಲಿಸುತ್ತ ಬೇರೆ ಬೇರೆ ಜಾಗದಿಂದ ತೆಗೆದ ಚಿತ್ರಗಳೇ ಎಡಗಣ್ಣು, ಬಲಗಣ್ಣು ಆದವು. ಮಣ್ಣು ಸಂಗ್ರಹಿಸಲು ನೌಕೆ ಎಲ್ಲಿ ಇಳಿಯಬೇಕು ಎಂದು ಆರಿಸುವ ವಿಜ್ಞಾನಿಗಳಿಗೆ ಅಲ್ಲಿನ ಬಂಡೆಗಳ ಎತ್ತರ ತಗ್ಗು ನೋಡಲು ಆ ಚಿತ್ರಗಳು ನೆರವಾದವು. ಬಾಲ್ಯದ ಹವ್ಯಾಸವೊಂದನ್ನು ಶ್ರದ್ಧೆಯಿಂದ ಕಾಪಾಡಿಕೊಂಡರೆ ಅದು ಎಲ್ಲಿಗೆ ಬೇಕಾದರೂ ಕರೆದೊಯ್ಯಬಲ್ಲದು.

ತಲೆ ತಿರುಗಿಸಿದರೆ ಲೋಕವೂ ತಿರುಗಬೇಕು

ಸ್ಟೀರಿಯೊಸ್ಕೋಪಿಗೆ ಒಂದು ಮಿತಿಯಿದೆ. ತಲೆ ಅತ್ತ ತಿರುಗಿಸಿದರೂ ಚಿತ್ರ ಬದಲಾಗದು. ನಿಜ ಲೋಕದಲ್ಲಿ ನಾವು ಸರಿದಂತೆ ಹತ್ತಿರದ ಮರ ಬೇಗ ಸರಿಯುತ್ತದೆ, ದೂರದ ಗುಡ್ಡ ನಿಧಾನವಾಗಿ ಸರಿಯುತ್ತದೆ. ಒಂದೇ ಕಣ್ಣಿನ ದೃಷ್ಟಿಯಿರುವವರೂ ಇದರಿಂದ ದೂರ ಅಳೆಯುತ್ತಾರೆ. ಈ ಚಲನೆಯನ್ನೂ ಚಿತ್ರಕ್ಕೆ ಸೇರಿಸಿದಾಗ ಹುಟ್ಟಿದ್ದು ವಿ.ಆರ್.

1968ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲೆಂಡ್ ಮತ್ತು ಅವರ ವಿದ್ಯಾರ್ಥಿಗಳು ತಲೆಗೆ ತೊಡುವ ಪ್ರದರ್ಶಕವನ್ನು ಸಿದ್ಧಪಡಿಸಿದರು. ಎರಡು ಕಣ್ಣಿಗೆ ಎರಡು ಪುಟ್ಟ ಪಿಕ್ಚರ್ ಟ್ಯೂಬ್. ತಲೆ ಎತ್ತ ತಿರುಗಿತು ಎಂದು ತಿಳಿಯಲು ಚಾವಣಿಯಿಂದ ಇಳಿಬಿಟ್ಟ ಲೋಹದ ತೋಳು. ಗಾಳಿಯಲ್ಲಿ ತೇಲುತ್ತಿದ್ದುದು ಬರೀ ಗೆರೆಗಳ ಒಂದು ಘನಾಕೃತಿ. ಆದರೆ ನೋಡುವವರು ತಲೆ ಸರಿಸಿದಂತೆ ಅದರ ಇನ್ನೊಂದು ಬದಿ ಕಾಣಿಸುತ್ತಿತ್ತು. 1980ರ ದಶಕದಲ್ಲಿ ಜೆರಾನ್ ಲೇನಿಯರ್ ತಮ್ಮ ಕಂಪನಿಯ ಮೂಲಕ ಹೆಡ್‌ಸೆಟ್, ಕೈಗವಸುಗಳನ್ನು ಮಾರುಕಟ್ಟೆಗೆ ತಂದು ವರ್ಚುವಲ್ ರಿಯಾಲಿಟಿ ಎಂಬ ಹೆಸರನ್ನು ಜನಪ್ರಿಯಗೊಳಿಸಿದರು.

ಆ ಚಾವಣಿಯ ತೋಳು ಮಾಡುತ್ತಿದ್ದ ಕೆಲಸವನ್ನು ಇಂದು ನಮ್ಮ ಜೇಬಿನ ಮೊಬೈಲಿನೊಳಗಿನ ಸಣ್ಣ ಸೆನ್ಸರ್‌ಗಳು ಮಾಡುತ್ತವೆ. ಫೋನ್ ಅಡ್ಡ ಹಿಡಿದಾಗ ಪರದೆ ತಾನಾಗಿ ತಿರುಗುವುದು ಅವುಗಳಿಂದಲೇ. 2014ರಲ್ಲಿ ಗೂಗಲ್ ಕಂಪನಿ ಹೊರತಂದ ಕಾರ್ಡ್‌ಬೋರ್ಡ್ ಎಂಬ ಸಾಧನ ರಟ್ಟಿನ ಡಬ್ಬಿ ಮತ್ತು ಎರಡು ಲೆನ್ಸ್ ಬಿಟ್ಟರೆ ಹೆಚ್ಚೇನೂ ಅಲ್ಲ. ಅದರೊಳಗೆ ಮೊಬೈಲ್ ಇಟ್ಟರೆ ಪರದೆಯ ಅರ್ಧ ಎಡಗಣ್ಣಿಗೆ, ಅರ್ಧ ಬಲಗಣ್ಣಿಗೆ. ಬ್ರೂಸ್ಟರ್ ಮತ್ತು ಹೋಮ್ಸ್ ಅದನ್ನು ಕಂಡಿದ್ದರೆ ತಕ್ಷಣ ಗುರುತು ಹಿಡಿಯುತ್ತಿದ್ದರು. ಮರುವರ್ಷ 'ನ್ಯೂಯಾರ್ಕ್ ಟೈಮ್ಸ್' ತನ್ನ ಚಂದಾದಾರರಿಗೆ ಹತ್ತು ಲಕ್ಷಕ್ಕೂ ಹೆಚ್ಚು ಇಂಥ ಡಬ್ಬಿಗಳನ್ನು ಪತ್ರಿಕೆಯ ಜೊತೆ ಹಂಚಿತು. ಉಕ್ರೇನ್, ಸಿರಿಯಾ, ದಕ್ಷಿಣ ಸುಡಾನ್‌ಗಳಲ್ಲಿ ಯುದ್ಧದಿಂದ ನೆಲೆ ಕಳೆದುಕೊಂಡ ಮೂವರು ಮಕ್ಕಳ ಕುರಿತ ಚಿತ್ರವನ್ನು ಓದುಗರು ಅದರಲ್ಲಿ ನೋಡಿದರು.

ಎಲ್ಲ ವಿ.ಆರ್. ಒಂದೇ ಅಲ್ಲ ಎಂಬುದನ್ನೂ ತಿಳಿದಿರಬೇಕು. 360 ಡಿಗ್ರಿ ಫೋಟೊ ಅಥವಾ ವಿಡಿಯೊದಲ್ಲಿ ನಾವು ಒಂದೇ ಬಿಂದುವಿನಲ್ಲಿ ನಿಂತು ಸುತ್ತ ನೋಡಬಹುದು, ನಡೆಯಲಾಗದು. ಬಹಳಷ್ಟು 360 ಚಿತ್ರಗಳಲ್ಲಿ ಎರಡು ಕಣ್ಣಿಗೂ ಒಂದೇ ಚಿತ್ರವಿರುವುದರಿಂದ ನಿಜವಾದ ಆಳವೂ ಇರುವುದಿಲ್ಲ. ಬಗ್ಗಿ ನೋಡಲು, ಹೆಜ್ಜೆಯಿಡಲು, ವಸ್ತುವಿನ ಹಿಂದೆ ಇಣುಕಲು ಬಿಡುವ ವಿ.ಆರ್. ಬೇರೆ. ಅದಕ್ಕೆ ಜಾಗದ ಪೂರ್ಣ ಮಾದರಿಯೇ ಕಂಪ್ಯೂಟರಿನಲ್ಲಿ ಇರಬೇಕು. ತಲೆ ತಿರುಗಿದ ಮೇಲೆ ಹೊಸ ಚಿತ್ರ ಮೂಡಲು ಸುಮಾರು 20 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾದರೆ ಆ ತಡ ದೇಹಕ್ಕೆ ತಿಳಿಯತೊಡಗುತ್ತದೆ. ಕಣ್ಣು ಹೇಳುವುದಕ್ಕೂ ಒಳಗಿವಿಯ ಸಮತೋಲನದ ಅಂಗ ಹೇಳುವುದಕ್ಕೂ ಹೊಂದಿಕೆ ತಪ್ಪಿ ಹೊಟ್ಟೆ ತೊಳಸುತ್ತದೆ. ಇನ್ನೊಂದು ತೊಂದರೆಯೂ ಇದೆ. ಹತ್ತಿರದ ವಸ್ತುವನ್ನು ನೋಡಲು ಕಣ್ಣುಗಳು ಒಳಮುಖವಾಗಿ ಹೊರಳುತ್ತವೆ, ಆದರೆ ಫೋಕಸ್ ಮಾಡಬೇಕಾದದ್ದು ಸದಾ ಒಂದೇ ದೂರದಲ್ಲಿರುವ ಪರದೆಯ ಮೇಲೆ. ಈ ಎಳೆದಾಟದಿಂದ ಕಣ್ಣು ದಣಿಯುತ್ತದೆ. ಆದ್ದರಿಂದ ಹೆಡ್‌ಸೆಟ್ಟಿನಲ್ಲಿ ಸ್ವಲ್ಪ ಹೊತ್ತು ನೋಡಿ, ಬಿಡುವು ಕೊಟ್ಟು, ಮತ್ತೆ ನೋಡುವುದು ಒಳ್ಳೆಯದು.

ಹಂಪಿಯ ಮೇಲೆ ಮೂರು ನೋಟ

ಈ ಕಥೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಹಂಪಿಯಲ್ಲಿ. 1856ರಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯ ಅವಶೇಷಗಳನ್ನು ಮೇಣ ಹಾಕಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಅವು ಹಂಪಿಯ ಮೊದಮೊದಲ ಫೋಟೊಗಳು. ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಇಂದು ಐವತ್ತು ರೂಪಾಯಿ ನೋಟಿನಲ್ಲಿ ಎಲ್ಲರ ಕೈಯಲ್ಲೂ ಓಡಾಡುತ್ತಿದೆ. ಗ್ರೀನ್‌ಲಾನ ಚಿತ್ರದಲ್ಲಿ ಆ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ. ಆ ಫೋಟೊ ಇರದಿದ್ದರೆ ರಥ ಮೊದಲಿನಿಂದಲೂ ಬೋಳಾಗಿಯೇ ಇತ್ತು ಎಂದು ನಮ್ಮಲ್ಲಿ ಹೆಚ್ಚಿನವರು ಎಣಿಸುತ್ತಿದ್ದೆವು.

1983ರಲ್ಲಿ ಆಸ್ಟ್ರೇಲಿಯಾದ ವಾಸ್ತುಶಿಲ್ಪ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ಕ್ಯಾಮೆರಾ ಇಟ್ಟಿದ್ದ ಜಾಗಗಳನ್ನು ಹುಡುಕಿ ಅಲ್ಲಿಂದಲೇ ಅದೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡು ಕ್ಲಿಕ್ಕುಗಳ ನಡುವೆ 127 ವರ್ಷ. ಜಾಗ ಒಂದೇ, ಕಾಲ ಬೇರೆ. ಏನು ಉಳಿಯಿತು, ಏನು ಬಿತ್ತು, ಎಲ್ಲಿ ದುರಸ್ತಿಯಾಯಿತು ಎಂಬುದನ್ನು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಓದಬಹುದು. ಇಲ್ಲಿ ಮೂಡುವುದು ಕಾಲದ ಆಳ.

ಗಾಲಿಂಗ್ಸ್ ಅಷ್ಟಕ್ಕೆ ನಿಲ್ಲಲಿಲ್ಲ. ಸಾರಾ ಕೆಂಡರ್ಡಿನ್ ಮತ್ತು ಜೆಫ್ರಿ ಶಾ ಎಂಬ ಮಾಧ್ಯಮ ಕಲಾವಿದರು 2006ರ ಹೊತ್ತಿಗೆ 'ಪ್ಲೇಸ್-ಹಂಪಿ' ಎಂಬ ಕೃತಿ ರೂಪಿಸಿದಾಗ ಅದಕ್ಕೆ ಹಂಪಿಯ ಸ್ಟೀರಿಯೊ ಪನೋರಮಾಗಳನ್ನು ತೆಗೆದವರು ಗಾಲಿಂಗ್ಸ್. ಸಿಲಿಂಡರ್ ಆಕಾರದ ಪರದೆಯ ನಡುವೆ ತಿರುಗುವ ವೇದಿಕೆ. ಅದರ ಮೇಲೆ ನಿಂತವರು ಕನ್ನಡಕ ಹಾಕಿಕೊಂಡು ತಾವೇ ವೇದಿಕೆ ತಿರುಗಿಸುತ್ತ ಒಂದು ಪನೋರಮಾದಿಂದ ಇನ್ನೊಂದಕ್ಕೆ ಸಾಗುತ್ತಾರೆ. ಬಂಡೆ, ಮಂಟಪಗಳ ನಡುವೆ ಅನಿಮೇಷನ್ ರೂಪದ ದೇವತೆಗಳು ಸುಳಿಯುತ್ತಾರೆ. ಕನ್ನಡಕ ಬಿಟ್ಟರೆ ತಲೆಗೆ ಬೇರೇನೂ ಕಟ್ಟಿಕೊಳ್ಳಬೇಕಿಲ್ಲ, ಹಲವರು ಒಟ್ಟಿಗೆ ನಿಂತು ಮಾತಾಡುತ್ತ ನೋಡಬಹುದು. ವಿದೇಶಗಳಲ್ಲಿ ಪ್ರದರ್ಶನಗೊಂಡ ಈ ಕೃತಿಗೆ ಆಮೇಲೆ ಹಂಪಿಗೆ ಸಮೀಪದ ತೋರಣಗಲ್ಲಿನ ಕಲಾಧಾಮದಲ್ಲಿ ಕಾಯಂ ನೆಲೆ ಸಿಕ್ಕಿತು. ಹಂಪಿಯ ಚಿತ್ರ ಹಂಪಿಯ ಸೀಮೆಗೆ ಮರಳಿದ್ದು ನನಗೆ ಬಹಳ ಮುಖ್ಯ ಅನಿಸುತ್ತದೆ. ಮುಂದಿನ ನೋಟವನ್ನು ಆ ಸೀಮೆಯ ಹುಡುಗ ಹುಡುಗಿಯರು ಕಟ್ಟಬೇಕು.

ಉಸಿರಿನಿಂದ ನಡೆಯುವ ಲೋಕ

ವಿ.ಆರ್. ಎಂದರೆ ಗುಂಡು ಹಾರಿಸುವ ಆಟ ಎಂದುಕೊಂಡವರು ಕೆನಡಾದ ಕಲಾವಿದೆ ಷಾರ್ ಡೇವಿಸ್ ಅವರ 'ಆಸ್ಮೋಸ್' ಕೃತಿಯ ಬಗ್ಗೆ ತಿಳಿಯಬೇಕು. 1995ರಲ್ಲಿ ಮಾಂಟ್ರಿಯಲ್‌ನಲ್ಲಿ ಮೊದಲು ಪ್ರದರ್ಶನಗೊಂಡ ಅದರಲ್ಲಿ ಕೈಯಲ್ಲಿ ಹಿಡಿಯುವ ಗುಂಡಿ, ಸನ್ನೆ ಯಾವುದೂ ಇಲ್ಲ. ಎದೆಗೆ ತೊಟ್ಟ ಅಂಗಿ ಉಸಿರಾಟವನ್ನು ಅಳೆಯುತ್ತದೆ. ಉಸಿರೆಳೆದುಕೊಂಡರೆ ಮೇಲೇರುತ್ತೀರಿ, ಬಿಟ್ಟರೆ ಕೆಳಗಿಳಿಯುತ್ತೀರಿ, ವಾಲಿದತ್ತ ಸಾಗುತ್ತೀರಿ. ಒಂದು ಮರ, ಅದರ ಎಲೆಯ ಒಳಗು, ಕೊಳ, ಬೇರುಗಳಿರುವ ಮಣ್ಣಿನಾಳ, ಹೀಗೆ ಅಲ್ಲಿನ ಲೋಕ. ಅಲ್ಲಿ ಯಾವುದರ ಅಂಚೂ ಗಟ್ಟಿಯಲ್ಲ, ಎಲ್ಲ ಅರೆಪಾರದರ್ಶಕ, ಒಂದರೊಳಗೊಂದು ಬೆರೆಯುವಂಥದ್ದು.

ಡೇವಿಸ್ ಮೂಲತಃ ಚಿತ್ರಕಾರ್ತಿ, ಸಮುದ್ರದಲ್ಲಿ ಮುಳುಗಿ ಈಜುವ ಅಭ್ಯಾಸದವರು. ಅವರಿಗೆ ವಿಪರೀತ ಸಮೀಪದೃಷ್ಟಿಯಿದೆ. ಕನ್ನಡಕ ತೆಗೆದಾಗ ವಸ್ತುಗಳ ಅಂಚು ಕರಗಿ ಬೆಳಕು ಬೆಳಕಾಗಿ ಕಾಣುವ ತಮ್ಮದೇ ಅನುಭವವನ್ನು ಅವರು ಕ್ಯಾನ್ವಾಸಿನಲ್ಲಿ ತರಲು ಯತ್ನಿಸುತ್ತಿದ್ದರು. ಕ್ಯಾನ್ವಾಸಿಗೆ ಒಗ್ಗದ್ದನ್ನು ವಿ.ಆರ್.ನಲ್ಲಿ ಸಾಧಿಸಿದರು. ಬೇರೆಯವರು ಕೊರತೆ ಎನ್ನುವುದನ್ನು ಅವರು ತಮ್ಮ ನೋಟವೆಂದು ಒಪ್ಪಿಕೊಂಡು ದುಡಿಸಿಕೊಂಡರು. ತಂತ್ರಜ್ಞಾನ ಎಷ್ಟು ಹೊಸದಾದರೂ ಅದಕ್ಕೆ ಜೀವ ಬರುವುದು ಒಬ್ಬ ವ್ಯಕ್ತಿ ತಾನು ಕಂಡದ್ದನ್ನು ಅದರೊಳಗೆ ಇಟ್ಟಾಗ.

ನೋಡುವುದನ್ನು ಕಲಿಯಬಹುದು

ಅಮೆರಿಕದ ನರವಿಜ್ಞಾನಿ ಸೂಸನ್ ಬ್ಯಾರಿ ಅವರಿಗೆ ಎಳೆಯ ವಯಸ್ಸಿನಿಂದ ಮೆಳ್ಳೆಗಣ್ಣಿತ್ತು. ಶಸ್ತ್ರಚಿಕಿತ್ಸೆಗಳಿಂದ ಕಣ್ಣು ನೇರವಾದಂತೆ ಕಂಡರೂ ಎರಡೂ ಕಣ್ಣು ಒಟ್ಟಾಗಿ ನೋಡುತ್ತಿರಲಿಲ್ಲ. ಬಾಲ್ಯ ದಾಟಿದ ಮೇಲೆ ಆ ಶಕ್ತಿ ಬರಲಾರದು ಎಂಬುದು ಆಗಿನ ನಂಬಿಕೆ. ನಲವತ್ತೆಂಟರ ವಯಸ್ಸಿನಲ್ಲಿ ಅವರು ಕಣ್ಣಿನ ವ್ಯಾಯಾಮಗಳನ್ನು ನಿಷ್ಠೆಯಿಂದ ಮಾಡತೊಡಗಿದರು. ಒಂದು ದಿನ ಕಾರಿನ ಸ್ಟೀರಿಂಗ್ ಚಕ್ರ ಡ್ಯಾಷ್‌ಬೋರ್ಡಿನಿಂದ ಎದ್ದು ಮುಂದೆ ಬಂದಂತೆ ಕಂಡಿತು. ಮುಂದೆ ಹಿಮ ಬೀಳುವಾಗ, ಇಷ್ಟು ಕಾಲ ಎದುರಿನ ಒಂದು ಹಾಳೆಯ ಮೇಲೆ ಬಿದ್ದಂತೆ ತೋರುತ್ತಿದ್ದ ಹಿಮದ ಹಳಕುಗಳ ನಡುವೆ ತಾವೇ ನಿಂತಿರುವುದನ್ನು ಅನುಭವಿಸಿದರು. ನರವೈದ್ಯ ಮತ್ತು ಲೇಖಕ ಆಲಿವರ್ ಸ್ಯಾಕ್ಸ್ 2006ರಲ್ಲಿ ಅವರ ಬಗ್ಗೆ ಬರೆದರು, ಬ್ಯಾರಿ 2009ರಲ್ಲಿ ತಾವೇ ಪುಸ್ತಕ ಬರೆದರು. ನೋಟವೆಂಬುದು ಹುಟ್ಟಿನೊಂದಿಗೆ ಬಂದು ಮುಗಿದುಹೋದ ವರವಲ್ಲ, ಅಭ್ಯಾಸದಿಂದ ಬೆಳೆಯುವ ಕಸುಬು ಎಂಬ ಭರವಸೆ ಅವರ ಬದುಕಿನಿಂದ ನಮಗೆ ಸಿಗುತ್ತದೆ.

ನಾವೇ ಮಾಡುವ ಬಗೆ

ಇನ್ನು ಕೈಕೆಲಸ. ಇದಕ್ಕೆ ಮೊಬೈಲ್ ಒಂದು ಸಾಕು. ಕದಲದ ವಸ್ತುವನ್ನು ಆರಿಸಿಕೊಳ್ಳಿ. ತುಳಸಿಕಟ್ಟೆ, ಅಂಗಳದಲ್ಲಿ ನಿಲ್ಲಿಸಿದ ಸೈಕಲ್, ಅಡುಗೆಮನೆಯ ಪಾತ್ರೆಯ ಸಾಲು, ವೀರಗಲ್ಲು, ಯಾವುದಾದರೂ ಆದೀತು. ಎಡಗಾಲಿನ ಮೇಲೆ ಭಾರ ಹಾಕಿ ಒಂದು ಫೋಟೊ ತೆಗೆಯಿರಿ. ಪಾದ ಎತ್ತದೆ ಭಾರವನ್ನು ಬಲಗಾಲಿಗೆ ಹೊರಳಿಸಿ ಇನ್ನೊಂದು ತೆಗೆಯಿರಿ. ಮೊಬೈಲನ್ನು ತಿರುಗಿಸಬೇಡಿ, ಬರೀ ಪಕ್ಕಕ್ಕೆ ಸರಿಸಿ. ಎತ್ತರವೂ ಬದಲಾಗಬಾರದು. ಮೊದಲನೆಯದು ಎಡಗಣ್ಣಿನದು, ಎರಡನೆಯದು ಬಲಗಣ್ಣಿನದು.

ಎಷ್ಟು ಸರಿಯಬೇಕು? ಹಳೆಯ ಛಾಯಾಗ್ರಾಹಕರ ಸೂತ್ರವೊಂದಿದೆ: ಚಿತ್ರದಲ್ಲಿ ಎಲ್ಲಕ್ಕಿಂತ ಹತ್ತಿರವಿರುವ ವಸ್ತುವಿನ ದೂರದ ಮೂವತ್ತರಲ್ಲಿ ಒಂದು ಭಾಗ. ಎರಡು ಮೀಟರ್ ದೂರದ ತುಳಸಿಕಟ್ಟೆಗೆ ಆರೂವರೆ ಸೆಂಟಿಮೀಟರ್ ಸರಿದರೆ ಸಾಕು. ಮೂವತ್ತು ಸೆಂಟಿಮೀಟರ್ ದೂರದ ಹೂವಿಗೆ ಒಂದೇ ಸೆಂಟಿಮೀಟರ್. ಅರವತ್ತು ಮೀಟರ್ ದೂರದ ಗೋಪುರಕ್ಕೆ ಎರಡು ಮೀಟರ್ ನಡೆಯಬೇಕು.

ಕೊಲಾಜ್ ಮಾಡುವ ಯಾವುದೇ ಆ್ಯಪ್‌ನಲ್ಲಿ ಎರಡನ್ನೂ ಅಕ್ಕಪಕ್ಕ ಇಡಿ. ರಟ್ಟಿನ ಡಬ್ಬಿಯಲ್ಲಿ ನೋಡುವುದಾದರೆ ಎಡದ ಚಿತ್ರ ಎಡಕ್ಕೆ, ಬಲದ್ದು ಬಲಕ್ಕೆ. ಡಬ್ಬಿ ಇಲ್ಲದೆ ನೋಡಲು ಎಡದ ಚಿತ್ರವನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಇಟ್ಟು, ಕಣ್ಣಿಗೂ ಮೊಬೈಲಿಗೂ ನಡುವೆ ಬೆರಳು ಹಿಡಿದು ಬೆರಳಿನ ತುದಿಯನ್ನೇ ದಿಟ್ಟಿಸಿ. ಹಿಂದೆ ಮೂರು ಚಿತ್ರ ಇರುವಂತೆ ಕಾಣುತ್ತದೆ. ನಿಧಾನವಾಗಿ ನಡುವಿನದರ ಮೇಲೆ ಗಮನ ಕೂಡಿಸಿದರೆ ಅದು ಆಳ ತಾಳುತ್ತದೆ. ಕೆಲವರಿಗೆ ತಕ್ಷಣ ಸಾಧ್ಯ, ಕೆಲವರಿಗೆ ಅಭ್ಯಾಸ ಬೇಕು. ಕಣ್ಣು ನೋವೆನಿಸಿದರೆ ಬಿಟ್ಟು ಆಮೇಲೆ ಪ್ರಯತ್ನಿಸಿ.

ಇನ್ನೂ ಮುಂದೆ ಹೋಗಬೇಕೆನಿಸಿದರೆ ಫೋಟೊಗ್ರಾಮೆಟ್ರಿ ಇದೆ. 1858ರಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಮೈಡೆನ್‌ಬಾವರ್ ಎಂಬ ತರುಣ ವೆಟ್ಸ್‌ಲಾರ್ ಚರ್ಚಿನ ಗೋಡೆ ಅಳೆಯಲು ಹತ್ತಿ ಇನ್ನೇನು ಬಿದ್ದೇಬಿಡುವುದರಲ್ಲಿದ್ದ. ಕಟ್ಟಡ ಹತ್ತುವ ಬದಲು ಅದರ ಫೋಟೊಗಳಿಂದಲೇ ಅಳತೆ ತೆಗೆಯಬಾರದೇಕೆ ಎಂಬ ಆಲೋಚನೆ ಅವನಿಗೆ ಹೊಳೆದದ್ದು ಆ ಅಪಾಯದಿಂದ. ಇಂದು ಒಂದು ಶಿಲ್ಪದ ಸುತ್ತ ನಡೆಯುತ್ತ, ಪ್ರತಿ ಚಿತ್ರವೂ ಹಿಂದಿನದರ ಬಹುಭಾಗವನ್ನು ಒಳಗೊಳ್ಳುವಂತೆ ಹತ್ತಾರು ಫೋಟೊ ತೆಗೆದರೆ, ತಂತ್ರಾಂಶ ಅವುಗಳಲ್ಲಿ ಒಂದೇ ಬಿಂದುಗಳನ್ನು ಗುರುತಿಸಿ ಶಿಲ್ಪದ ಪೂರ್ಣ ಆಕಾರ ಕಟ್ಟುತ್ತದೆ. ಅದನ್ನು ವಿ.ಆರ್. ಹೆಡ್‌ಸೆಟ್ಟಿನಲ್ಲಿ ಸುತ್ತಿ ನೋಡಬಹುದು. ಎರಡು ಕಣ್ಣಿನ ಲೆಕ್ಕವೇ ಇಲ್ಲಿ ಹತ್ತಾರು ಕಣ್ಣಿನ ಲೆಕ್ಕವಾಗಿದೆ.

ಎರಡನೆಯ ಚಿತ್ರಕ್ಕೆ ಬೇಕಾದ ಬಿಡುವು

ಇಷ್ಟೆಲ್ಲ ಹೇಳಿದ್ದು ಹೊಸ ಸಾಧನ ಕೊಳ್ಳಿ ಎನ್ನುವುದಕ್ಕಲ್ಲ. ಇಂದು ನಮ್ಮ ಮೊಬೈಲುಗಳಲ್ಲಿ ಸಾವಿರಾರು ಫೋಟೊ ತುಂಬಿವೆ. ಹೆಚ್ಚಿನವು ಒಂದು ಕ್ಷಣ ನಿಂತು, ಕ್ಲಿಕ್ಕಿಸಿ, ಮುಂದೆ ನಡೆದು ತೆಗೆದವು. ಮತ್ತೆ ತೆರೆದು ನೋಡುವುದೂ ಅಪರೂಪ. ಜೋಡಿ ಚಿತ್ರ ತೆಗೆಯಲು ಹೊರಟವರು ಹಾಗೆ ಓಡಲಾರರು. ಮುಂದೆ ಯಾವುದಿದೆ, ಹಿಂದೆ ಯಾವುದಿದೆ, ಯಾವ ಕೊಂಬೆ ಯಾವ ಗೋಡೆಯನ್ನು ಮರೆಮಾಡಿದೆ, ಪಕ್ಕಕ್ಕೆ ಸರಿದರೆ ಹೊಸದೇನು ಕಾಣುತ್ತದೆ ಎಂದು ಗಮನಿಸಲೇಬೇಕು. ಎರಡನೆಯ ಚಿತ್ರಕ್ಕಾಗಿ ಅಲ್ಲೇ ಇರಬೇಕು. ನನ್ನ ಮಟ್ಟಿಗೆ ಸೃಜನಶೀಲ ಬದುಕೆಂದರೆ ಈ 'ಅಲ್ಲೇ ಇರುವಿಕೆ'. ಕಥೆ ಬರೆದ, ಚಿತ್ರ ಬಿಡಿಸಿದ, ಗಾಳ ಹಾಕಿದ, ಹಕ್ಕಿಗಳ ಫೋಟೊ ತೆಗೆದ, ಕನ್ನಡಕ್ಕೆ ಕಂಪ್ಯೂಟರ್ ತಂತ್ರಾಂಶ ಬೇಕೆಂದು ಹಟ ಹಿಡಿದ ಪೂರ್ಣಚಂದ್ರ ತೇಜಸ್ವಿಯವರ ಬದುಕನ್ನು ನೆನೆಯಿರಿ. ಮೂಡಿಗೆರೆಯ ಕಾಫಿ ತೋಟದಲ್ಲಿ ನೆಲೆಸಿ ಅವರು ಒಂದೇ ಮಲೆನಾಡನ್ನು ಎಷ್ಟು ಜಾಗಗಳಿಂದ ನೋಡಿದರು! ಅವರ ಬರಹದ ಆಳಕ್ಕೂ ಈ ಹಲವು ನೋಟಗಳಿಗೂ ಸಂಬಂಧವಿದೆ ಎಂದೇ ನನಗನಿಸುತ್ತದೆ.

ವಿ.ಆರ್. ಮುಂದೆ ಯಾವ ರೂಪ ತಾಳುತ್ತದೋ, ಅದರೊಳಗೆ ಏನಿರಬೇಕು ಎಂಬುದನ್ನು ಈಗಲೇ ನಾವು ನಿರ್ಧರಿಸತೊಡಗಬಹುದು. 1907ರ ರಿಕಾಲ್ಟನ್ನನ ಕಟ್ಟಿನಲ್ಲಿ ನಮ್ಮ ದೇಶದ ಚಿತ್ರಕ್ಕೆ ಕ್ಯಾಮೆರಾ ಹಿಡಿದವರು ಬೇರೆಯವರು. ಈಗ ಕ್ಯಾಮೆರಾ ನಮ್ಮ ಕೈಯಲ್ಲಿದೆ. ನಾಳೆ ಇಲ್ಲವಾಗಬಹುದಾದ ತೊಟ್ಟಿಮನೆ, ಸಂತೆಯ ಬೀದಿ, ತೇರಿನ ಮನೆ, ಕುಂಬಾರರ ತಿಗರಿ, ಕೆರೆಯ ತೂಬು, ಶಾಲೆಯ ಹಳೆಯ ಕಟ್ಟಡ ಇವನ್ನೆಲ್ಲ ಅಲ್ಲಿ ಬಾಳಿದವರು ತಾವು ನಿಂತ ಜಾಗದಿಂದ ದಾಖಲಿಸಬೇಕು. ಅಜ್ಜಿಯೊಬ್ಬರು ಅಡುಗೆಮನೆಯಲ್ಲಿ ಯಾವ ಮೂಲೆಯಲ್ಲಿ ಕೂತರೆ ಇಡೀ ಮನೆ ಕಾಣುತ್ತದೆ ಎಂಬುದು ಆ ಮನೆಯ ಮೊಮ್ಮಕ್ಕಳಿಗೆ ಗೊತ್ತು, ಯಾವ ಕಂಪನಿಗೂ ಗೊತ್ತಿಲ್ಲ.

ಶಾಲೆಗಳಲ್ಲಿ ಇದನ್ನು ಒಂದು ಮಧ್ಯಾಹ್ನದ ಪಾಠವಾಗಿ ಮಾಡಬಹುದು. ಕಣ್ಣಿನ ವಿಜ್ಞಾನ, ಭಾಗಾಕಾರದ ಲೆಕ್ಕ, ಊರಿನ ಚರಿತ್ರೆ, ಚಿತ್ರಕಲೆ ನಾಲ್ಕೂ ಅದರಲ್ಲಿ ಸೇರುತ್ತವೆ. ಮನೆಯಲ್ಲಿ ಭಾನುವಾರದ ಒಂದು ಗಂಟೆಯನ್ನು ಮಕ್ಕಳೊಂದಿಗೆ ಇದಕ್ಕೆ ಮೀಸಲಿಡಬಹುದು. ತೆಗೆದ ಜೋಡಿಯ ಹಿಂದೆ ಊರು, ಜಾಗ, ತಾರೀಖು ಬರೆದಿಡಿ. ಗ್ರೀನ್‌ಲಾನ ಚಿತ್ರಗಳಿಗೆ ಒಂದೂಕಾಲು ಶತಮಾನದ ಬಳಿಕ ಗಾಲಿಂಗ್ಸ್ ಜೋಡಿ ಹುಡುಕಿದಂತೆ, ನಿಮ್ಮ ಚಿತ್ರಕ್ಕೂ ಮುಂದೊಂದು ದಿನ ಯಾರಾದರೂ ಜೋಡಿ ತೆಗೆಯಲು ಬರಬಹುದು. ಅವರಿಗೆ ನೀವು ನಿಂತ ಜಾಗ ತಿಳಿಯಬೇಕು.